ಹಳೆಯ ಟ್ರ್ಯಾಕ್ಟರಿಗೆ ಸರಿಯಾದ ಬಿಗಿ

ಬೋಲ್ಟನ್ನು ಬಿಗಿ ಮಾಡುವುದೆಂದರೆ ಅದನ್ನು ಹಿಗ್ಗಿಸುವುದು. ನಟ್ ತಿರುಗುತ್ತಾ ಹೋದಂತೆ ಬೋಲ್ಟಿನ ತಲೆಗೂ ನಟ್ಟಿಗೂ ನಡುವಿನ ಉಕ್ಕು ತುಸುವೇ ಉದ್ದವಾಗುತ್ತದೆ. ಹಿಗ್ಗಿದ ಉಕ್ಕು ಸ್ಪ್ರಿಂಗಿನಂತೆ ತನ್ನ ಮೊದಲಿನ ಉದ್ದಕ್ಕೆ ಮರಳಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಶಕ್ತಿ. 12 ಮಿ.ಮೀ. ದಪ್ಪದ ಒಳ್ಳೆಯ ಬೋಲ್ಟೊಂದು 100 ಮಿ.ಮೀ. ಅಗಲದ ಜೋಡಣೆಯನ್ನು ಹಿಡಿದಿದೆ ಎಂದುಕೊಂಡರೆ, ಸರಿಯಾಗಿ ಬಿಗಿದಾಗ ಅದು ಹಿಗ್ಗುವುದು ಸುಮಾರು 0.2 ಮಿ.ಮೀ. ಮಾತ್ರ. ಅಷ್ಟು ಹಿಗ್ಗಿನಿಂದ ಹುಟ್ಟುವ ಒತ್ತಡ ಮೂರೂವರೆ ಟನ್ ದಾಟುತ್ತದೆ. ಕಡಿಮೆ ಬಿಗಿದರೆ ಹಿಗ್ಗು ಸಾಲದು. ಮಿತಿ ಮೀರಿ ಬಿಗಿದರೆ ಉಕ್ಕು ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದು, ಮರಳಿ ಎಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಹಳೆಯ ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಾನಾ ಹಿಡಿದವರು ಗುರಿಯಿಡಬೇಕಾದದ್ದು ಈ ಎರಡರ ನಡುವಿನ ಕಿರಿದಾದ ಜಾಗಕ್ಕೆ.

ಟ್ರ್ಯಾಕ್ಟರಿನಲ್ಲಿ ಈ ವಿಷಯಕ್ಕೆ ಲಾರಿ, ಜೀಪುಗಳಲ್ಲಿ ಇಲ್ಲದ ತೂಕವಿದೆ. ಲಾರಿಗೆ ಉದ್ದಕ್ಕೂ ಚಾಸಿ ಇರುತ್ತದೆ; ಎಂಜಿನ್, ಗೇರ್‌ಬಾಕ್ಸ್ ಅದರ ಮೇಲೆ ಕುಳಿತಿರುತ್ತವೆ. ಸಾಮಾನ್ಯ ಟ್ರ್ಯಾಕ್ಟರಿಗೆ ಚಾಸಿಯೇ ಇಲ್ಲ. ಮುಂದಿನ ಆಕ್ಸಲ್ ಹಿಡಿಯುವ ಬ್ರಾಕೆಟ್, ಎಂಜಿನ್ ಬ್ಲಾಕ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್ ಇವೆಲ್ಲ ಒಂದಕ್ಕೊಂದು ಬೋಲ್ಟಿನಿಂದ ಸೇರಿ ಅವೇ ಗಾಡಿಯ ಬೆನ್ನೆಲುಬಾಗುತ್ತವೆ. ಅಲ್ಲಿನ ಹತ್ತು ಹನ್ನೆರಡು ಬೋಲ್ಟುಗಳು ಸಡಿಲವಾದರೆ ಗಾಡಿಯ ಮೈಯೇ ಸಡಿಲವಾದಂತೆ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯಲ್ಲಿ ಆ ಮೈಗೆ ಬೀಳುವ ಪೆಟ್ಟು ಹೆಚ್ಚು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟೆಯ ಬಲದಂಡೆ ಕೆಳಮಟ್ಟದ ಕಾಲುವೆಯಿಂದ, ಅಂದರೆ ಊರವರ ಬಾಯಲ್ಲಿ ಎಲ್‌ಎಲ್‌ಸಿಯಿಂದ, ನೀರು ಬಂದರೆ ಎರೆಭೂಮಿ ಕೆಸರುಗದ್ದೆಯಾಗುತ್ತದೆ. ನದಿಯಂಚಿನಲ್ಲಿ ವಿಜಯನಗರ ಕಾಲದ ಸಿರುಗುಪ್ಪ, ದೇಶನೂರು ಕಾಲುವೆಗಳೂ ಇವೆ. ನೆಲ್ಲು ನಾಟಿಗೆ ಮುನ್ನ ಟ್ರ್ಯಾಕ್ಟರುಗಳು ಕೇಜ್ ವೀಲ್ ಕಟ್ಟಿಕೊಂಡು ಕೆಸರು ಮಾಡುತ್ತವೆ. ಅಂಟು ಮಣ್ಣಿನಲ್ಲಿ ಹೂತ ಚಕ್ರ ಒಮ್ಮೆಲೆ ಕಿತ್ತು ಏಳುವಾಗ ತಿರುಚು ಬಲವೆಲ್ಲ ಹಿಂದಿನ ಹಬ್ಬು, ಆಕ್ಸಲ್, ಕ್ಲಚ್ ಹೌಸಿಂಗಿನ ಕೀಲುಗಳ ಮೇಲೆ ಬೀಳುತ್ತದೆ. ಕೊಯ್ಲಿನ ನಂತರ ಅದೇ ಗಾಡಿ ನೆಲ್ಲಿನ ಚೀಲ ತುಂಬಿದ ಟ್ರೇಲರ್ ಎಳೆದು ಗಿರಣಿಗೆ ಹೋಗಬೇಕು. ಮೂವತ್ತು ನಲವತ್ತು ವರ್ಷ ಹೀಗೆ ದುಡಿದ ಗಾಡಿಯ ಬೋಲ್ಟು, ಥ್ರೆಡ್ಡು, ಹೌಸಿಂಗ್ ಯಾವುವೂ ಹೊಸದರಂತೆ ಇರುವುದಿಲ್ಲ ಎಂಬ ತಿಳಿವಳಿಕೆಯಿಂದಲೇ ರಿಪೇರಿ ಶುರುವಾಗಬೇಕು.

ಬೋಲ್ಟ್ ಮುರಿದಾಗ ‘ಜಾಸ್ತಿ ಬಿಗಿದಿದ್ದಕ್ಕೆ ಮುರೀತು’ ಎನ್ನುವುದು ವಾಡಿಕೆ. ಓಡುವ ಯಂತ್ರದಲ್ಲಿ ಸತ್ಯ ಬಹುಪಾಲು ಇದಕ್ಕೆ ತದ್ವಿರುದ್ಧ. ಸರಿಯಾಗಿ ಬಿಗಿದ ಕೀಲಿನಲ್ಲಿ ಹೊರಗಿನಿಂದ ಬರುವ ಎಳೆತದ ದೊಡ್ಡ ಪಾಲನ್ನು ಒತ್ತಿಕೊಂಡ ಲೋಹದ ಭಾಗಗಳೇ ನುಂಗುತ್ತವೆ. ಬೋಲ್ಟಿಗೆ ತಟ್ಟುವುದು ಸ್ವಲ್ಪವೇ. ಬಿಗಿ ಸಾಲದಿದ್ದರೆ ಪ್ರತಿ ಎಳೆತವೂ ಪೂರ್ತಿಯಾಗಿ ಬೋಲ್ಟಿನ ಮೇಲೆಯೇ ಬೀಳುತ್ತದೆ. ನಿಮಿಷಕ್ಕೆ 2000 ಸುತ್ತು ತಿರುಗುವ ನಾಲ್ಕು ಹೊಡೆತದ ಡೀಸೆಲ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ನಿಮಿಷಕ್ಕೆ 1000 ಸಲ ಉರಿಯುತ್ತದೆ. ಒಂದು ಗಂಟೆಯಲ್ಲಿ 60,000 ಹೊಡೆತ. ಅಷ್ಟು ಸಲ ಎಳೆದು ಬಿಟ್ಟರೆ ಎಂಥ ಉಕ್ಕೂ ದಣಿದು ಬಿರುಕು ಬಿಡುತ್ತದೆ. ಮುರಿದ ತುಂಡನ್ನು ಬಿಸಾಡುವ ಮೊದಲು ಅದರ ಮುಖ ನೋಡಬೇಕು. ದಣಿದು ಮುರಿದದ್ದರಲ್ಲಿ ಒಂದು ಅಂಚಿನಿಂದ ಒಳಕ್ಕೆ ಅಲೆಅಲೆಯ ಗೆರೆಗಳಿದ್ದು ಆ ಭಾಗ ನುಣುಪಾಗಿರುತ್ತದೆ, ಕೊನೆಗೆ ಹರಿದ ಭಾಗ ಮಾತ್ರ ಒರಟು. ಮಿತಿಮೀರಿ ಬಿಗಿದು ಮುರಿದದ್ದು ಮುರಿದ ಜಾಗದಲ್ಲಿ ಸೊರಗಿ ಸಣ್ಣಗಾಗಿರುತ್ತದೆ, ಇಲ್ಲವೇ ತಿರುಚಿದ ಗುರುತು ತೋರಿಸುತ್ತದೆ. ಮೊದಲ ಬಗೆಯ ಮುರಿತಕ್ಕೆ ಇನ್ನೂ ದಪ್ಪನೆಯ ಬೋಲ್ಟ್ ಹುಡುಕಿ ಪ್ರಯೋಜನವಿಲ್ಲ, ಬಿಗಿಯನ್ನೇ ಸರಿಪಡಿಸಬೇಕು.

ಬಿಚ್ಚುವ ಹಂತದಲ್ಲಿ ಆದ ಹಾನಿ ಜೋಡಿಸುವಾಗ ಕಾಡುತ್ತದೆ. ಒಣಗಿದ ಎರೆಮಣ್ಣು ಥ್ರೆಡ್ಡಿನ ಸಂದುಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ಒಂದು ರಾತ್ರಿ ಬಿಡುವ ತಾಳ್ಮೆ ಬೇಕು. ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ಹದವಾಗಿ ತಟ್ಟಿದರೆ ತುಕ್ಕಿನ ಹಿಡಿತ ಬಿರಿಯುತ್ತದೆ. ತಿರುಗಿಸುವಾಗ ಬಾಯಿ ತೆರೆದ ಪಾನಾಕ್ಕಿಂತ ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಪಾನಾ ಮೇಲು. ಅದು ಬೋಲ್ಟಿನ ಮೂಲೆಗಳನ್ನು ತಿನ್ನುವುದಿಲ್ಲ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಬೇಕು. ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾಯಿಸಿ ತೆಗೆದ ಬೋಲ್ಟನ್ನು ಮತ್ತೆ ಬಳಸಬಾರದು. ಹದ ಮಾಡಿದ ಉಕ್ಕಿನ ಗಟ್ಟಿತನ ಆ ಕಾವಿನಲ್ಲಿ ಹೋಗಿರುತ್ತದೆ, ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ.

ಇನ್ನು ಅಳತೆಯ ವಿಷಯ. ಹಳೆಯ ಗಾಡಿಗಳಲ್ಲಿ ಎಡವಟ್ಟು ಹೆಚ್ಚಾಗಿ ಆಗುವುದು ಇಲ್ಲಿಯೇ. ಬ್ರಿಟಿಷ್ ವಿನ್ಯಾಸದಿಂದ ಬಂದ ಮಹೀಂದ್ರಾ ಬಿ-275, ಮ್ಯಾಸಿ ಫರ್ಗ್ಯೂಸನ್ 1035, ಹಾಗೆಯೇ ಫೋರ್ಡ್ 3600 ಗಾಡಿಗಳಲ್ಲಿ ಮೂಲ ಬೋಲ್ಟುಗಳು ಹೆಚ್ಚಾಗಿ ಇಂಚಿನ ಅಳತೆಯವು. ಜೆಕೊಸ್ಲೊವಾಕಿಯಾದ ಜೆಟಾರ್ ವಿನ್ಯಾಸದ ಎಚ್‌ಎಂಟಿ 2511ರಲ್ಲಿ ಮಿ.ಮೀ. ಅಳತೆ. ವರ್ಷಗಟ್ಟಲೆ ಕೈ ಬದಲಾದ ಗಾಡಿಯಲ್ಲಿ ಎರಡೂ ಬೆರೆತಿರುತ್ತವೆ. ಅರ್ಧ ಇಂಚಿನ ಬೋಲ್ಟಿನ ತಲೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. 12 ಮಿ.ಮೀ. ಬೋಲ್ಟಿನ ತಲೆ ಸಾಮಾನ್ಯವಾಗಿ 19 ಮಿ.ಮೀ. ಒಂದೇ ಪಾನಾ ಎರಡಕ್ಕೂ ಕೂರುತ್ತದೆ. ಪಾನಾ ಕೂತಿತೆಂದು ಬೋಲ್ಟ್ ಸರಿಯಿದೆ ಎಂದುಕೊಂಡರೆ ಮೋಸ ಹೋದಂತೆಯೇ. ಅರ್ಧ ಇಂಚಿನ ದಪ್ಪ ಥ್ರೆಡ್ಡಿನಲ್ಲಿ ಇಂಚಿಗೆ 13 ಸುತ್ತು, 12 ಮಿ.ಮೀ. ಬೋಲ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.75 ಮಿ.ಮೀ. ಅಂತರ. ಅರ್ಧ ಇಂಚಿನ ರಂಧ್ರಕ್ಕೆ 12 ಮಿ.ಮೀ. ಬೋಲ್ಟ್ ಹಾಕಿದರೆ ಕೆಲವು ಸುತ್ತು ಹಗುರವಾಗಿ ಓಡಿ ಹಿಡಿದಂತೆ ಕಾಣುತ್ತದೆ, ಕೆಲಸಕ್ಕೆ ಇಳಿದಾಗ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಥ್ರೆಡ್ ಗೇಜ್ ಎಂಬ ಹಲ್ಲುಗಳ ಪುಟ್ಟ ಪಟ್ಟಿ ಈ ಗೊಂದಲವನ್ನು ಕ್ಷಣದಲ್ಲಿ ಬಿಡಿಸುತ್ತದೆ. ಅದಿಲ್ಲದಿದ್ದರೂ ಒಂದು ಪರೀಕ್ಷೆಯಿದೆ: ಸರಿಯಾದ ಬೋಲ್ಟ್ ಶುಚಿಯಾದ ರಂಧ್ರದಲ್ಲಿ ಬೆರಳಿನಿಂದಲೇ ಕೊನೆಯವರೆಗೆ ಇಳಿಯಬೇಕು, ಅಲುಗಾಡಬಾರದು.

ಗಾತ್ರದಷ್ಟೇ ಮುಖ್ಯವಾದದ್ದು ದರ್ಜೆ. ಮಿ.ಮೀ. ಬೋಲ್ಟಿನ ತಲೆಯ ಮೇಲೆ 8.8, 10.9 ಎಂಬ ಅಂಕಿಗಳು ಮೂಡಿರುತ್ತವೆ. ಮೊದಲ ಅಂಕಿಯನ್ನು 100ರಿಂದ ಗುಣಿಸಿದರೆ ಒಂದು ಚದರ ಮಿ.ಮೀ. ಉಕ್ಕು ಎಷ್ಟು ನ್ಯೂಟನ್ ಎಳೆತಕ್ಕೆ ಹರಿಯುತ್ತದೆ ಎಂಬುದು ಸಿಗುತ್ತದೆ. ಎರಡನೆಯ ಅಂಕಿ, ಆ ಬಲದ ಹತ್ತರಲ್ಲಿ ಎಷ್ಟು ಪಾಲಿಗೆ ಬೋಲ್ಟ್ ಮರಳದಂತೆ ಹಿಗ್ಗುತ್ತದೆ ಎಂಬುದನ್ನು ಹೇಳುತ್ತದೆ. 8.8 ಎಂದರೆ 800ಕ್ಕೆ ಹರಿಯುತ್ತದೆ, 640ಕ್ಕೆ ಹಿಗ್ಗಿ ಉಳಿಯುತ್ತದೆ. ಇಂಚಿನ ಬೋಲ್ಟುಗಳ ತಲೆಯ ಮೇಲೆ ಅಂಕಿಯ ಬದಲು ಗೆರೆಗಳಿರುತ್ತವೆ: ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಇದ್ದರೆ ಗ್ರೇಡ್ 8. ಗುರುತೇ ಇಲ್ಲದ ಬೋಲ್ಟನ್ನು ಮೆದು ಉಕ್ಕಿನ 4.6 ಎಂದೇ ಎಣಿಸಬೇಕು. ಅದು 240ಕ್ಕೇ ಸೋಲುತ್ತದೆ. ಕೆಜಿ ಲೆಕ್ಕದಲ್ಲಿ ತೂಗಿ ತಂದ ಬೋಲ್ಟು ಮಡ್‌ಗಾರ್ಡಿಗೆ, ಟೂಲ್‌ಬಾಕ್ಸಿಗೆ ಸಾಕು. ಚಕ್ರಕ್ಕೆ, ಕ್ಲಚ್ ಹೌಸಿಂಗಿಗೆ, ಎಂಜಿನ್ ಒಳಕ್ಕೆ ಅದನ್ನು ಹಾಕುವುದು ಗಾಡಿ ಓಡಿಸುವವರ ಜೀವಕ್ಕೆ ಅಪಾಯ.

ಬಿಗಿಯನ್ನು ಅಳೆಯುವುದು ಟಾರ್ಕಿನಿಂದ, ಅಂದರೆ ತಿರುಚು ಬಲದಿಂದ. ಪಾನಾದ ತುದಿಯಲ್ಲಿ ಹಾಕಿದ ಬಲವನ್ನು ಪಾನಾದ ಉದ್ದದಿಂದ ಗುಣಿಸಿದರೆ ಟಾರ್ಕ್. ಒಂದು ಮೀಟರ್ ಉದ್ದದ ತುದಿಯಲ್ಲಿ ಒಂದು ಕೆಜಿ ಬಲ ಹಾಕಿದರೆ ಒಂದು ಕೆಜಿ-ಮೀಟರ್, ಅಂದರೆ 9.8 ನ್ಯೂಟನ್-ಮೀಟರ್. ಹಳೆಯ ಪುಸ್ತಕಗಳಲ್ಲಿ ಅಡಿ-ಪೌಂಡ್ ಇರುತ್ತದೆ, ಅದನ್ನು 1.36ರಿಂದ ಗುಣಿಸಿದರೆ ನ್ಯೂಟನ್-ಮೀಟರ್ ಸಿಗುತ್ತದೆ. 8.8 ದರ್ಜೆಯ ಒಣ ಬೋಲ್ಟುಗಳಿಗೆ ಸಾಮಾನ್ಯ ಲೆಕ್ಕ ಹೀಗಿದೆ: 8 ಮಿ.ಮೀ.ಗೆ ಸುಮಾರು 25 ನ್ಯೂಟನ್-ಮೀಟರ್, 10 ಮಿ.ಮೀ.ಗೆ ಸುಮಾರು 50, 12 ಮಿ.ಮೀ.ಗೆ ಸುಮಾರು 86, 16 ಮಿ.ಮೀ.ಗೆ ಸುಮಾರು 210. ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡ್, ಮೇನ್ ಬೇರಿಂಗುಗಳಿಗೆ ಈ ಪಟ್ಟಿ ಸಲ್ಲದು, ಆಯಾ ಗಾಡಿಯ ಸರ್ವಿಸ್ ಪುಸ್ತಕದ ಅಂಕಿಯೇ ಬೇಕು.

ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ಎಳೆಯುವ ಅಭ್ಯಾಸದ ಕೆಡುಕು ಈ ಲೆಕ್ಕದಿಂದಲೇ ಕಾಣುತ್ತದೆ. ಒಂದು ಮೀಟರ್ ಪೈಪಿನ ತುದಿಯಲ್ಲಿ 30 ಕೆಜಿ ಬಲ ಹಾಕಿದರೆ 294 ನ್ಯೂಟನ್-ಮೀಟರ್ ಆಯಿತು. 86 ಸಾಕಾಗುವ 12 ಮಿ.ಮೀ. ಬೋಲ್ಟಿಗೆ ಅದು ಮೂರು ಪಟ್ಟಿಗೂ ಹೆಚ್ಚು. ಕಂಪನಿಗಳು ಸಣ್ಣ ಪಾನಾವನ್ನು ಗಿಡ್ಡವಾಗಿ, ದೊಡ್ಡದನ್ನು ಉದ್ದವಾಗಿ ಮಾಡುವುದೇ ಕೈಬಲ ಮಿತಿ ಮೀರದಿರಲೆಂದು.

ಟಾರ್ಕಿಗೂ ಒಂದು ಮಿತಿಯಿದೆ. ತಿರುಗಿಸಲು ಹಾಕಿದ ಶ್ರಮದಲ್ಲಿ ಸುಮಾರು ಅರ್ಧ, ನಟ್ಟಿನ ಇಲ್ಲವೇ ತಲೆಯ ಅಡಿಯ ಉಜ್ಜಾಟಕ್ಕೆ ಹೋಗುತ್ತದೆ. ಇನ್ನು 40 ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು 100ರಲ್ಲಿ 10 ಪಾಲು. ತುಕ್ಕು, ಮಣ್ಣು, ಬಣ್ಣ ಇದ್ದರೆ ಆ ಹತ್ತೂ ಕರಗುತ್ತದೆ. ಟಾರ್ಕ್ ರೆಂಚ್ ‘ಟಕ್’ ಎಂದರೂ ಒಳಗೆ ಬಿಗಿ ಇರುವುದಿಲ್ಲ. ಅದೇ ಥ್ರೆಡ್ಡಿಗೆ ಎಣ್ಣೆ ಸವರಿದರೆ ಉಜ್ಜಾಟ ಕಡಿಮೆಯಾಗಿ, ಅದೇ ಟಾರ್ಕಿಗೆ ಎಳೆತ ಮೂರನೇ ಒಂದರಷ್ಟು ಹೆಚ್ಚುತ್ತದೆ. 86 ನ್ಯೂಟನ್-ಮೀಟರಿಗೆ ಹದವಾಗಿದ್ದ ಬೋಲ್ಟ್ ಎಣ್ಣೆ ಬಿದ್ದಾಗ ಅದೇ 86ಕ್ಕೆ ಮಿತಿಯ ಅಂಚಿಗೆ ತಲುಪುತ್ತದೆ. ಆದ್ದರಿಂದ ಪುಸ್ತಕದ ಅಂಕಿ ಒಣ ಥ್ರೆಡ್ಡಿಗೋ ಎಣ್ಣೆ ಹಚ್ಚಿದ್ದಕ್ಕೋ ಎಂದು ಮೊದಲು ನೋಡಬೇಕು. ಒಣ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಬಳಸುವುದಾದರೆ ಕಾಲು ಭಾಗ ಇಳಿಸಬೇಕು. ಹಳೆಯ ಬೋಲ್ಟುಗಳ ಮಟ್ಟಿಗೆ, ಶುಚಿ ಮಾಡಿ ತೆಳುವಾಗಿ ಎಂಜಿನ್ ಆಯಿಲ್ ಸವರಿ ಇಳಿಸಿದ ಟಾರ್ಕಿನಲ್ಲಿ ಬಿಗಿಯುವುದೇ ನಂಬಿಕೆಯ ದಾರಿ. ಒಣ ತುಕ್ಕಿನ ಉಜ್ಜಾಟ ಒಂದು ಬೋಲ್ಟಿನಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ.

ಎಣ್ಣೆಯ ಬಗ್ಗೆ ಇನ್ನೊಂದು ಎಚ್ಚರ. ಎಂಜಿನ್ ಬ್ಲಾಕಿನಲ್ಲಿ ತಳ ಮುಚ್ಚಿದ ರಂಧ್ರಗಳಿರುತ್ತವೆ. ಅವುಗಳೊಳಗೆ ಎಣ್ಣೆಯೋ ನೀರೋ ಉಳಿದಿದ್ದು ಮೇಲಿನಿಂದ ಬೋಲ್ಟ್ ಇಳಿದರೆ ದ್ರವ ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಎರಕದ ಗೋಡೆಯನ್ನೇ ಸೀಳುತ್ತದೆ. ರಂಧ್ರಕ್ಕೆ ಟ್ಯಾಪ್ ಓಡಿಸಿ, ಕಂಪ್ರೆಸರ್ ಗಾಳಿಯಿಂದ ಊದಿ, ಒಣಗಿಸಿದ ನಂತರವೇ ಬೋಲ್ಟಿಗೆ ಎಣ್ಣೆ ಸವರಬೇಕು.

ಟಾರ್ಕ್ ರೆಂಚನ್ನು ಹಿಡಿಯ ನಡುಭಾಗದಲ್ಲಿ ಹಿಡಿದು ಜರ್ಕ್ ಇಲ್ಲದೆ ಒಂದೇ ಸಮನೆ ಎಳೆಯಬೇಕು. ‘ಟಕ್’ ಎಂದಲ್ಲಿಗೆ ನಿಲ್ಲಿಸಬೇಕು. ಖಾತ್ರಿಗೆಂದು ಮತ್ತೊಮ್ಮೆ ಎಳೆದರೆ ಬಿಗಿ ಏರುತ್ತದೆ. ಬಿಚ್ಚುವುದಕ್ಕೆ ಅದನ್ನು ಬಳಸಬಾರದು. ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ಇಳಿಸಿಟ್ಟರೆ ಒಳಗಿನ ಸ್ಪ್ರಿಂಗ್ ಬಾಳುತ್ತದೆ. ಊರಿನ ಶೆಡ್ಡಿನಲ್ಲಿ ಟಾರ್ಕ್ ರೆಂಚ್ ಇಲ್ಲದಿದ್ದರೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಆ ಕೆಲಸಕ್ಕೆ ಬರುತ್ತದೆ. ಬೋಲ್ಟಿನ ನಡುವಿನಿಂದ ಸರಿಯಾಗಿ ಅರ್ಧ ಮೀಟರ್ ದೂರದಲ್ಲಿ ಪಾನಾಕ್ಕೆ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ಲಂಬವಾಗಿ ಎಳೆದು ತಕ್ಕಡಿ 18 ಕೆಜಿ ತೋರಿಸಿದರೆ 9 ಕೆಜಿ-ಮೀಟರ್ ಆಯಿತು, ಹೆಚ್ಚುಕಡಿಮೆ 88 ನ್ಯೂಟನ್-ಮೀಟರ್. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತದೆ. ಬರೀ ಕೈ ಅಂದಾಜಿಗಿಂತ ಇದು ಎಷ್ಟೋ ಪಾಲು ಮೇಲು.

ಸಿಲಿಂಡರ್ ಹೆಡ್ಡಿನ ಬಿಗಿಗೆ ಕ್ರಮವೂ ಇದೆ, ಹಂತವೂ ಇದೆ. ಬಿಗಿಯುವುದು ನಡುವಿನಿಂದ ಶುರುವಾಗಿ ಎಡಕ್ಕೊಂದು ಬಲಕ್ಕೊಂದು ಎಂದು ಹೊರಕ್ಕೆ ಸಾಗಬೇಕು; ಬಿಚ್ಚುವುದು ಹೊರಗಿನಿಂದ ಒಳಕ್ಕೆ. ಒಂದು ತುದಿಯಿಂದ ಶುರು ಮಾಡಿದರೆ ಹೆಡ್ಡು ಓರೆ ಕೂತು ಗ್ಯಾಸ್ಕೆಟ್ ನಡುವೆ ಉಬ್ಬಿಕೊಳ್ಳುತ್ತದೆ. ಎಲ್ಲ ನಟ್ಟುಗಳನ್ನೂ ಮೊದಲು ಅರ್ಧ ಟಾರ್ಕಿಗೆ, ಎರಡನೆಯ ಸುತ್ತಿಗೆ ಮುಕ್ಕಾಲಿಗೆ, ಮೂರನೆಯದಕ್ಕೆ ಪೂರ್ತಿಗೆ ತರಬೇಕು. ಹೊಸ ಗ್ಯಾಸ್ಕೆಟ್ ಕಾವಿಗೆ ಕುಗ್ಗುವುದರಿಂದ, ಹಳೆಯ ಎಂಜಿನ್ನುಗಳಲ್ಲಿ ಒಮ್ಮೆ ಬಿಸಿಯಾಗಿ ಓಡಿದ ಮೇಲೆ ಪುಸ್ತಕ ಹೇಳಿದಂತೆ ಮತ್ತೊಮ್ಮೆ ಬಿಗಿಯುವುದು ಅಗತ್ಯ. ಹೆಡ್ ಕೆಳಗಿಳಿದಷ್ಟು ಟ್ಯಾಪೆಟ್ ಅಂತರ ಬದಲಾಗುತ್ತದೆ. ಅದನ್ನೂ ಮರಳಿ ಹೊಂದಿಸಬೇಕು. ಎರಡನೆಯ ಬಿಗಿಗೆ ಗಾಡಿ ತರದೆ ಹೋಗುವುದರಿಂದಲೇ ಎಷ್ಟೋ ಹೊಸ ಗ್ಯಾಸ್ಕೆಟ್ಟುಗಳು ಒಂದೇ ಹಂಗಾಮಿಗೆ ಸುಡುತ್ತವೆ.

ಕ್ಲಚ್ ಕೆಲಸಕ್ಕೆ ಟ್ರ್ಯಾಕ್ಟರನ್ನು ಎರಡು ಭಾಗ ಮಾಡಿ ಮತ್ತೆ ಸೇರಿಸುವಾಗ ಬೋಲ್ಟಿನಿಂದ ಎಳೆದು ಸೇರಿಸುವ ಆಸೆ ಬರುತ್ತದೆ. ಗೇರ್‌ಬಾಕ್ಸ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿಗೆ ಕೂರದೆ ಸಂದು ಉಳಿದಿದ್ದರೆ, ಬೋಲ್ಟಿನ ಟನ್ನುಗಟ್ಟಲೆ ಬಲ ಎರಕದ ಹೌಸಿಂಗನ್ನು ಒಡೆಯುತ್ತದೆ. ಎರಡು ಮುಖಗಳೂ ಕೈಯಿಂದ ತಳ್ಳಿದಾಗಲೇ ಪೂರ್ತಿ ಸೇರಬೇಕು. ಫ್ಲೈವೀಲನ್ನು ತುಸು ತಿರುಗಿಸಿದರೆ ಹಲ್ಲು ಕೂರುತ್ತದೆ. ಬೋಲ್ಟಿನ ಸರದಿ ಆಮೇಲೆ. ಆ ಕೀಲಿನಲ್ಲಿರುವ ಡವೆಲ್ ಪಿನ್ನುಗಳು ಕಳೆದಿದ್ದರೆ ಹೊಸದು ಹಾಕಲೇಬೇಕು. ಭಾಗಗಳನ್ನು ನೇರವಾಗಿ ಕೂರಿಸಿ ಅಡ್ಡಬಲ ತಡೆಯುವುದು ಅವು. ಅವಿಲ್ಲದಿದ್ದರೆ ಬೋಲ್ಟುಗಳೇ ಕತ್ತರಿಸಿಕೊಳ್ಳುತ್ತವೆ.

ಚಕ್ರದ ನಟ್ಟುಗಳನ್ನು ಎದುರುಬದಿರು ಬಿಗಿಯಬೇಕು, ಸಾಲಾಗಿ ಅಲ್ಲ. ಕೋನಾಕಾರದ ನಟ್ಟಿನ ಮೊನಚು ಬದಿ ಡಿಸ್ಕಿನ ಕಡೆಗಿರಬೇಕು. ಹಳೆಯ ಗಾಡಿಗೆ ಅಂದವಾಗಿ ಬಣ್ಣ ಬಳಿಸುವಾಗ ಹಬ್ಬಿನ ಮುಖಕ್ಕೂ ಡಿಸ್ಕಿನ ಒಳಮೈಗೂ ದಪ್ಪ ಬಣ್ಣ ಬೀಳುತ್ತದೆ. ಓಡಾಟದಲ್ಲಿ ಆ ಪದರ ನುಜ್ಜಾಗಿ ಬಿಗಿ ಇಳಿಯುತ್ತದೆ, ನಟ್ ತಾನಾಗಿ ಬಿಚ್ಚಿಕೊಂಡಿತೆಂದು ಭಾಸವಾಗುತ್ತದೆ. ಸೇರುವ ಮುಖಗಳು ಬರಿಯ ಲೋಹವಾಗಿರಬೇಕು. ಹಂಗಾಮಿಗೊಮ್ಮೆ ಕೇಜ್ ವೀಲ್ ಹಾಕಿ ತೆಗೆಯುವ ಸೀಮೆಯಲ್ಲಿ ಇದಕ್ಕೆ ಹೆಚ್ಚಿನ ಗಮನ ಬೇಕು, ಏಕೆಂದರೆ ಗದ್ದೆಯ ಬದುವಿನ ಮೇಲೆ ನಿಂತು ಚಕ್ರ ಬದಲಿಸುವಾಗ ಕೆಸರು ಸೇರದಂತೆ ತಡೆಯುವುದು ಕಷ್ಟ. ಒಂದು ಬಕೆಟ್ ಶುದ್ಧ ನೀರು, ಒಂದು ಬ್ರಷ್ಷು, ಒಂದು ಒಣ ಬಟ್ಟೆ ಇದ್ದರೆ ಸಾಕು. ಮೊದಲ ಅರ್ಧ ಗಂಟೆಯ ಕೆಲಸದ ನಂತರ ಗಾಡಿ ನಿಲ್ಲಿಸಿ ಎಲ್ಲ ನಟ್ಟುಗಳನ್ನೂ ಮತ್ತೆ ನೋಡಬೇಕು, ಮುಂದಿನ ಕೆಲವು ದಿನ ಬೆಳಿಗ್ಗೆ ಗಾಡಿ ಹೊರಡುವ ಮೊದಲು ನೋಡಬೇಕು. ಮುಂದಿನ ಆಕ್ಸಲ್ ಬ್ರಾಕೆಟ್ಟಿನ ಬೋಲ್ಟುಗಳೂ ಈ ತಪಾಸಣೆಯಲ್ಲಿ ಸೇರಬೇಕು. ಲೋಡರ್ ಅಥವಾ ಮುಂಭಾಗದ ತೂಕ ಹೊತ್ತ ಗಾಡಿಗಳಲ್ಲಿ ಬೇಗ ಸಡಿಲುವುದು ಅವೇ.

ಬಿಗಿದದ್ದು ಬಿಚ್ಚದಂತೆ ತಡೆಯಲು ಸ್ಪ್ರಿಂಗ್ ವಾಷರನ್ನೇ ನಂಬುವವರು ಬಹಳ. ಗೆರ್ಹಾರ್ಡ್ ಯುಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನು ತೋರಿಸಿದವು. ನಟ್ ಬಿಚ್ಚಿಕೊಳ್ಳಲು ಮುಖ್ಯ ಕಾರಣ ಜೋಡಿಸಿದ ಭಾಗಗಳು ಅಡ್ಡಡ್ಡ ಜಾರುವುದು. ಹಾಗೆ ಜಾರದಂತೆ ಹಿಡಿಯುವುದು ಸಾಕಷ್ಟು ಬಿಗಿ. ಅಡ್ಡ ಜಾರಾಟ ಶುರುವಾದ ಮೇಲೆ ಸ್ಪ್ರಿಂಗ್ ವಾಷರಿನಿಂದ ಆಗುವ ಸಹಾಯ ಅತ್ಯಲ್ಪ. ನೈಲಾನ್ ನಟ್, ಮಡಚುವ ಲಾಕ್ ಪಟ್ಟಿ, ಎಣ್ಣೆಯಂಶವಿಲ್ಲದ ಥ್ರೆಡ್ಡಿಗೆ ಹಚ್ಚುವ ಲಾಕಿಂಗ್ ಅಂಟು ಇವು ಹೆಚ್ಚು ನೆಚ್ಚಬಹುದಾದವು. ಎರಡು ನಟ್ ಹಾಕುವಲ್ಲಿ ತೆಳುವಾದದ್ದು ಕೆಳಗೆ, ದಪ್ಪನೆಯದು ಮೇಲೆ ಇರಬೇಕು. ಬಹಳ ಕಡೆ ಇದು ತಲೆಕೆಳಗಾಗಿರುತ್ತದೆ.

ಕ್ಯಾಸಲ್ ನಟ್ಟಿನಲ್ಲಿ ಸ್ಪ್ಲಿಟ್ ಪಿನ್ನಿನ ರಂಧ್ರ ಹೊಂದದಿದ್ದರೆ ಹಿಂದಕ್ಕೆ ಬಿಚ್ಚಿ ಹೊಂದಿಸಬಾರದು, ಪುಸ್ತಕದ ಮಿತಿಯೊಳಗೆ ಮುಂದಕ್ಕೆ ಬಿಗಿದು ಹೊಂದಿಸಬೇಕು. ಮುಂದಿನ ಚಕ್ರದ ಬೇರಿಂಗ್ ನಟ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಚಕ್ರ ತಿರುಗಿಸುತ್ತಾ ಬಿಗಿದು, ಚಕ್ರ ಹಿಡಿದುಕೊಂಡಂತಾದಾಗ ಮುಂದಿನ ಸಂದಿಯವರೆಗೆ ಹಿಂದಕ್ಕೆ ಬಿಟ್ಟು ಪಿನ್ ಹಾಕಬೇಕು. ಬೇರಿಂಗಿಗೆ ಒತ್ತಡ ಉಳಿದರೆ ಅದು ಕಾದು ಹಾಳಾಗುತ್ತದೆ. ಒಮ್ಮೆ ತೆಗೆದ ಸ್ಪ್ಲಿಟ್ ಪಿನ್ನನ್ನು ನೇರ ಮಾಡಿ ಮತ್ತೆ ಬಳಸಬಾರದು.

ಥ್ರೆಡ್ ಕೆಟ್ಟ ರಂಧ್ರಕ್ಕೆ ನೂಲು ಸುತ್ತಿ ಬೋಲ್ಟ್ ತುರುಕುವುದು ರಿಪೇರಿಯಲ್ಲ. ರಂಧ್ರವನ್ನು ಕೊರೆದು ಉಕ್ಕಿನ ಸುರುಳಿ ಕೂರಿಸಿದರೆ ಮೂಲ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಎರಕದ ಕಬ್ಬಿಣದಲ್ಲಿ ಬೋಲ್ಟ್ ತನ್ನ ದಪ್ಪದ ಒಂದೂಕಾಲು ಪಟ್ಟಾದರೂ ಒಳಗಿಳಿದಿರಬೇಕು, ಅಂದರೆ 12 ಮಿ.ಮೀ. ಬೋಲ್ಟಿಗೆ 15 ಮಿ.ಮೀ. ಥ್ರೆಡ್.

ಈ ಕೆಲಸವನ್ನು ಕ್ರಮವಾಗಿ ಕಲಿಯುವ ಮನಸ್ಸಿರುವ ಯುವಕರು ದೂರ ಹೋಗಬೇಕಾಗಿಲ್ಲ. ಬಳ್ಳಾರಿಗೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಇನ್ನು ಊರಿನ ಶೆಡ್ಡಿನ ಮಟ್ಟಿಗೆ, ಗೋಡೆಗೆ ಆಯಾ ಗಾಡಿಯ ಟಾರ್ಕ್ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಬಿಗಿದು ಮುಗಿದ ಪ್ರತಿ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದರೆ ಎರಡು ಅನುಕೂಲ: ಯಾವುದು ಬಿಗಿದಾಗಿದೆ ಎಂಬ ಗೊಂದಲ ಇರುವುದಿಲ್ಲ, ಮುಂದೆ ನಟ್ ಕದಲಿದರೆ ಗೆರೆ ಮುರಿದು ತಕ್ಷಣ ಕಾಣುತ್ತದೆ.